ಯುದ್ಧದಲ್ಲಿ ವಾರದೊಳಗೆ ರನ್‌ವೇ ಮಾಡುತ್ತಿದ್ದರಂತೆ, ನಮ್ಮ ಗುಡ್ಡದ ಮೇಲೆ ಒಂದು ಆಗೋದಿಲ್ವಾ?

ಪ್ರಶ್ನೆ: "ಸರ್, ನಾನು ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಾಸ್ತರ. ನಮ್ಮೂರ ಗುಡ್ಡದ ಮೇಲೆ ಚಿರೆಕಲ್ಲಿನ ದೊಡ್ಡ ಬಯಲಿದೆ. ಉದ್ದ ಸುಮಾರು 450 ಮೀಟರ್, ಅಗಲ 60-70 ಮೀಟರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮಿಲಿಟರಿಯವರು ಒಂದೇ ರಾತ್ರಿಯಲ್ಲಿ ಅದನ್ನು ವಿಮಾನ ಇಳಿಯೋ ಪಟ್ಟಿ ಮಾಡಿದರು ಅಂತ ಅಜ್ಜ ಹೇಳುತ್ತಿದ್ದರು. ಸಾಕ್ಷಿಗೆ ನಮ್ಮ ತೋಟದ ಹಳ್ಳಕ್ಕೆ ಸಂಕವಾಗಿ ಹಾಕಿದ ತೂತು ತೂತಿನ ಕಬ್ಬಿಣದ ಹಲಗೆ ತೋರಿಸುತ್ತಿದ್ದರು. ಅದು ಈಗಲೂ ಇದೆ, ಫೋಟೋ ಕಳಿಸಿದ್ದೇನೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತಲ್ಲ, ಅವತ್ತಿನಿಂದ ನಮ್ಮ ಯುವಕ ಸಂಘದವರ ತಲೆಯಲ್ಲಿ ಒಂದು ಯೋಚನೆ ಕೂತಿದೆ. ಆ ಬಯಲನ್ನು ಜೆಸಿಬಿ ಹಚ್ಚಿ ಸಪಾಟು ಮಾಡಿದರೆ ಆಪತ್ತಿಗೆ ಸಣ್ಣ ವಿಮಾನ ಇಳಿಯಬಹುದಲ್ಲ? ಯುದ್ಧದಲ್ಲಿ ವಾರದೊಳಗೆ ಮಾಡುತ್ತಿದ್ದರಂತೆ. ಹಾಗಿದ್ದರೆ ಅಂಕೋಲೆಯ ಅಲಗೇರಿ ವಿಮಾನ ನಿಲ್ದಾಣಕ್ಕೆ ಇಷ್ಟು ವರ್ಷ ಯಾಕೆ? ಪಂಚಾಯತಿಗೆ ಅರ್ಜಿ ಕೊಡುವ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು."

ಉತ್ತರ: ಮಾಸ್ತರ್ರೇ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇದೆ. ಅಜ್ಜ ಹೇಳಿದ್ದು ನಿಜವಾ? ಯುದ್ಧದಲ್ಲಿ ಅಷ್ಟು ಬೇಗ ಆಗಿದ್ದು ಈಗ ಯಾಕೆ ಆಗೋದಿಲ್ಲ? ಗುಡ್ಡಕ್ಕೆ ಜೆಸಿಬಿ ಹಚ್ಚಬಹುದಾ? ಮೊದಲ ಎರಡರ ಬಗ್ಗೆ ಆರಾಮಾಗಿ ಮಾತಾಡೋಣ. ಮೂರನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಜೆಸಿಬಿ ಹಚ್ಚಬೇಡಿ. ಅರ್ಜಿ ಕೊಡಿ, ಆದರೆ ಬೇರೆ ಅರ್ಜಿ.

ನಾನು ಸೈನ್ಯದ ಎಂಜಿನಿಯರಿಂಗ್ ವಿಭಾಗದಲ್ಲಿದ್ದು ನಿವೃತ್ತನಾದವ. ಈಗ ಶಿರಸಿಯಲ್ಲಿದ್ದೇನೆ. ರನ್‌ವೇ ಹೊಸದಾಗಿ ಕಟ್ಟಿದ್ದಕ್ಕಿಂತ ರಿಪೇರಿ ಮಾಡಿಸಿದ್ದೇ ಜಾಸ್ತಿ. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಚರಂಡಿಯ ಕಡೆಗೆ. ಅದನ್ನು ಗಮನದಲ್ಲಿಟ್ಟು ಮುಂದಿನದನ್ನು ಓದಿ.

ಮೊದಲು ಆ ಹಲಗೆ. ಫೋಟೋದಲ್ಲಿ ಮೂರು ಸಾಲು ತೂತು ಕಾಣುತ್ತದೆ. ಒಂದು ಅಂಚಿಗೆ ಕೊಕ್ಕೆ, ಇನ್ನೊಂದು ಅಂಚಿಗೆ ಸೀಳು. ಟೇಪು ಹಿಡಿದು ಅಳೆಯಿರಿ. ಉದ್ದ 10 ಅಡಿ, ಅಗಲ 15 ಇಂಚು ಬರಬೇಕು. ಸಾಲಿಗೆ 29ರಂತೆ ಒಟ್ಟು 87 ತೂತು ಇರಬೇಕು. ಅಷ್ಟಿದ್ದರೆ ಅದು ಅಸಲಿ ಪಿ.ಎಸ್.ಪಿ. ಶೀಟು, ಅಂದರೆ ತಾತ್ಕಾಲಿಕ ರನ್‌ವೇಗೆ ಹಾಸುವ ತೂತು ಹೊಡೆದ ಉಕ್ಕಿನ ಹಲಗೆ (ಪಿಯರ್ಸ್ಡ್ ಸ್ಟೀಲ್ ಪ್ಲ್ಯಾಂಕ್). 1941ರಲ್ಲಿ ಅಮೆರಿಕದ ಸೇನೆ ನಾರ್ತ್ ಕೆರೊಲಿನಾದ ಮಾರ್ಸ್ಟನ್ ಎಂಬ ಊರಿನ ಹತ್ತಿರ ಇದನ್ನು ಹಾಸಿ ಪರೀಕ್ಷೆ ಮಾಡಿತು. ಕೊಕ್ಕೆಯನ್ನು ಪಕ್ಕದ ಶೀಟಿನ ಸೀಳಿಗೆ ತೂರಿಸಿ ಸರಿಸಿದರೆ ಕೂತುಬಿಡುತ್ತದೆ. ವೆಲ್ಡಿಂಗ್ ಬೇಡ, ಬೋಲ್ಟ್ ಬೇಡ. ತೂತು ಮಾಡಿದ್ದು ಭಾರ ಕಡಿಮೆ ಆಗಲಿ ಅಂತ. ಒಂದು ಶೀಟು 30 ಕಿಲೋ, ಕಲಿಯದ ಆಳೂ ಹೊತ್ತು ತಂದು ಜೋಡಿಸಬಹುದು. ಹಗುರ ಅಂದರೂ ಲೆಕ್ಕ ಹಾಕಿ ನೋಡಿ. 5,000 ಅಡಿ ಉದ್ದ, 150 ಅಡಿ ಅಗಲದ ರನ್‌ವೇಗೆ 60,000 ಶೀಟು ಬೇಕು. ಅಂದರೆ 1,800 ಟನ್ ಕಬ್ಬಿಣ.

ಈ 1,800 ಟನ್ನನ್ನು ಕುಮಟೆಯ ಗುಡ್ಡ ಹತ್ತಿಸಿದ್ದರೆ ಸಂಕಕ್ಕೆ ಒಂದೇ ಹಲಗೆ ಉಳಿಯುತ್ತಿರಲಿಲ್ಲ. ಊರಿನ ಪ್ರತಿ ಮನೆಯ ದಣಪೆಯೂ ಅದರದ್ದೇ ಆಗಿರುತ್ತಿತ್ತು. ಈಶಾನ್ಯ ರಾಜ್ಯಗಳಲ್ಲಿ ಹಾಗೇ ಆಗಿದೆ. ಅಲ್ಲಿ ಬೇಲಿ, ಗೇಟು, ಕಾಲುಸಂಕ ಎಲ್ಲದಕ್ಕೂ ಈ ಶೀಟು ಬಳಸಿದ್ದಾರೆ. ಅರುಣಾಚಲದ ಮೆಚುಕಾದಲ್ಲಂತೂ ನಮ್ಮ ವಾಯುಪಡೆಯ ವಿಮಾನಗಳು ಮೊನ್ನೆ ಮೊನ್ನೆಯವರೆಗೂ ಇದರ ಮೇಲೇ ಇಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿಯ ಹೆಚ್ಚುವರಿ ಸಾಮಾನು ದೇಶದ ತುಂಬ ಹರಾಜಾಯಿತು. ಒಂಟಿ ಶೀಟು ಗುಜರಿ ವ್ಯಾಪಾರಿಯ ಗಾಡಿಯಲ್ಲಿ ಎಲ್ಲಿಂದ ಎಲ್ಲಿಗೂ ಬರಬಹುದು. ಹಲಗೆ ಯುದ್ಧದ್ದೇ ಇರಬಹುದು. ಆದರೆ ಬಯಲು ಯುದ್ಧದ್ದು ಅನ್ನೋದಕ್ಕೆ ಅದು ಸಾಕ್ಷಿ ಆಗೋದಿಲ್ಲ.

ಬಯಲಿನದ್ದು ಇನ್ನೂ ಸುಲಭ. ಆ ಕಾಲದ ಸಾಮಾನು ಸಾಗಿಸುವ ವಿಮಾನ ಅಂದರೆ ಡಕೋಟಾ. ತುಂಬಿದ ತೂಕ 12 ಟನ್ ಮೀರುತ್ತದೆ. ಅದಕ್ಕೆ ಹತ್ತಿರ ಹತ್ತಿರ 1 ಕಿಲೋಮೀಟರ್ ಪಟ್ಟಿ ಬೇಕು. ನಿಮ್ಮದು ಅದರ ಅರ್ಧವೂ ಇಲ್ಲ. ಇಬ್ಬರು ಕೂರುವ ಹಗುರ ವಿಮಾನ ಅಷ್ಟರಲ್ಲಿ ಇಳಿಯುತ್ತಿತ್ತು, ಬರ್ಮಾದಲ್ಲಿ ಗಾಯಾಳುಗಳನ್ನು ಅಂಥದ್ದರಲ್ಲೇ ಸಾಗಿಸಿದರು. ಹಾಗಂತ ನಿಮ್ಮ ಬಯಲನ್ನು ಯಾರೋ ಕಟ್ಟಿದ್ದು ಅನ್ನುವ ಗುರುತೂ ಕಾಣೋದಿಲ್ಲ. ಮನುಷ್ಯ ಮಾಡಿದ ಪಟ್ಟಿಗೆ ನಡು ಎತ್ತರ, ಎರಡು ಬದಿ ತಗ್ಗು, ಉದ್ದಕ್ಕೂ ಚರಂಡಿ, ತುದಿಯಲ್ಲಿ ತುಂಬಿದ ಮಣ್ಣು ಇರುತ್ತದೆ. ನಿಮ್ಮ ಫೋಟೋದಲ್ಲಿ ನೆಲ ಒಂದೇ ಕಡೆಗೆ ವಾಲಿದೆ. ಇಂಥ ಚಿರೆಕಲ್ಲಿನ ಬಯಲು ಭಟ್ಕಳದಿಂದ ಕಾರವಾರದವರೆಗೆ ಬೇಕಾದಷ್ಟಿದೆ. ಎಲ್ಲಾ ತನ್ನಷ್ಟಕ್ಕೆ ಆದದ್ದು. ಯುದ್ಧಕಾಲದ ಅಸಲಿ ಏರ್‌ಫೀಲ್ಡ್ ಮಕ್ಕಳಿಗೆ ತೋರಿಸಬೇಕು ಅಂತಿದ್ದರೆ ಘಟ್ಟ ಹತ್ತಿ ಬೆಳಗಾವಿಯ ಸಾಂಬ್ರಾಕ್ಕೆ ಕರೆದುಕೊಂಡು ಹೋಗಿ. ಅದು 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ್ದು.

ಇನ್ನು "ಒಂದೇ ರಾತ್ರಿ" ಅನ್ನೋ ಮಾತು. ಇದನ್ನು ಪೂರ್ತಿ ಸುಳ್ಳು ಅನ್ನೋ ಹಾಗಿಲ್ಲ. ಹೆಚ್ಚುಕಮ್ಮಿ ಅಷ್ಟೇ ಹೊತ್ತಿನಲ್ಲಿ ಮಾಡಿದ್ದೂ ಇದೆ.

1944ರ ಮಾರ್ಚ್ 5ರ ರಾತ್ರಿ. ಬರ್ಮಾದಲ್ಲಿ ಜಪಾನಿ ಸೇನೆಯ ಬೆನ್ನ ಹಿಂದೆ, ಕಾಡಿನ ನಡುವೆ ಬ್ರಿಟಿಷ್-ಅಮೆರಿಕನ್ ಪಡೆಯವರು ಎರಡು ಹುಲ್ಲುಗಾವಲು ಆರಿಸಿದ್ದರು. ಇಟ್ಟ ಹೆಸರು ಬ್ರಾಡ್‌ವೇ ಮತ್ತು ಪಿಕಡಿಲಿ. ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಸೈನಿಕರು, ಎಂಜಿನಿಯರುಗಳು, ಸಣ್ಣ ಬುಲ್ಡೋಜರ್‌ಗಳು ಇಳಿಯಬೇಕಿತ್ತು. ಹೊರಡುವ ಹೊತ್ತಿಗೆ ಬಂದ ಫೋಟೋದಲ್ಲಿ ಪಿಕಡಿಲಿಯ ತುಂಬ ಮರದ ದಿಮ್ಮಿ ಕಂಡಿತು. ಶತ್ರುವಿಗೆ ಸುಳಿವು ಸಿಕ್ಕಿತು ಅಂತ ಗಾಬರಿಯಾದರು. ಆಮೇಲೆ ಗೊತ್ತಾಗಿದ್ದು, ಅಲ್ಲಿಯ ನಾಟಾ ಕೆಲಸದವರು ತೇಗದ ಮರ ಕಡಿದು ಒಣಗಲಿ ಅಂತ ಹಾಸಿಟ್ಟಿದ್ದರು ಅಷ್ಟೇ. ದಾಂಡೇಲಿ ಕಡೆಯವರಿಗೆ ಇದು ಕೇಳಿದರೆ ನಗು ಬಂದೀತು. ಆದರೆ ಆ ರಾತ್ರಿ ಎಲ್ಲರನ್ನೂ ಬ್ರಾಡ್‌ವೇ ಒಂದಕ್ಕೇ ಕಳಿಸಬೇಕಾಯಿತು. ಅಲ್ಲೂ ನಾಟಾ ಎಳೆದ ಜಾಡು ಎತ್ತರದ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಮೇಲಿಂದ ತೆಗೆದ ಫೋಟೋದಲ್ಲಿ ಕಂಡಿರಲಿಲ್ಲ. ಮೊದಲು ಇಳಿದ ಗ್ಲೈಡರ್‌ಗಳ ಚಕ್ರ ಆ ಜಾಡಿಗೆ ಬಿದ್ದು ಮುರಿಯಿತು. ಅವನ್ನು ಎಳೆದು ಬದಿಗೆ ಹಾಕುವಷ್ಟರಲ್ಲಿ ಹಿಂದಿನವು ಬಂದು ಗುದ್ದಿದವು. ಸುಮಾರು 30 ಜನ ಸತ್ತರು. ಬೆಳಗಾದ ಮೇಲೆ ಉಳಿದ ಯಂತ್ರ, ಉಳಿದ ಜನ ಸೇರಿ ಜಾಡು ತುಂಬಿದರು, ದಿಬ್ಬ ಕೆರೆದರು. ಸಂಜೆ ಕತ್ತಲಾದ ಮೇಲೆ ಡಕೋಟಾಗಳು ಸಾಲಾಗಿ ಇಳಿದವು.

ಅಂದರೆ ಒಂದೇ ಹಗಲು. ಆದರೆ ಏನು ಮಾಡಿದರು ನೋಡಿ. ರನ್‌ವೇ ಕಟ್ಟಲಿಲ್ಲ, ಇದ್ದ ಬಯಲಿನ ತಗ್ಗು ತುಂಬಿದರು. ತಿಂಗಳು ಮಾರ್ಚ್, ನೆಲ ಕಲ್ಲಿನ ಹಾಗೆ ಒಣಗಿತ್ತು. ಬೇಕಾಗಿದ್ದು ಕೆಲವು ವಾರಕ್ಕೆ ಮಾತ್ರ. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಬ್ರಾಡ್‌ವೇ ಬಿಟ್ಟು ಹೋದರು.

ಇಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೆ. ಯುದ್ಧಕಾಲದ ಪಟ್ಟಿ ಬೇಗ ಆಗುತ್ತಿದ್ದದ್ದು ಮಳೆಗಾಲ ದಾಟಬೇಕಾದ ಕೆಲಸ ಅದಾಗಿರಲಿಲ್ಲ ಅಂತ. ದಾಟಬೇಕು ಅಂದ ಕೂಡಲೇ ಯುದ್ಧದಲ್ಲೂ ಲೆಕ್ಕ ಬದಲಾಗುತ್ತಿತ್ತು. 1944ರಲ್ಲಿ ಇಂಫಾಲಕ್ಕೆ ಜಪಾನಿಗಳು ಮುತ್ತಿಗೆ ಹಾಕಿದಾಗ ಆ ಬಯಲಿನಲ್ಲಿ ಆರು ಏರ್‌ಫೀಲ್ಡ್ ಇದ್ದವು. ಅವುಗಳಲ್ಲಿ ಎಲ್ಲಾ ಕಾಲಕ್ಕೂ ಆಗುವಂಥವು ಇಂಫಾಲ ಮತ್ತು ಪಲೇಲ್ ಎರಡೇ. ಕಾಂಗ್ಲಾ, ತುಲಿಹಾಲ್, ವಾಂಗ್‌ಜಿಂಗ್, ಸಪಾಮ್ ಬರೀ ಬೇಸಿಗೆಯವು.

ನೀರು ಏನು ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪು ತಿಳಿಯೋದು ಇಲ್ಲೇ. ರನ್‌ವೇ ಅಂದರೆ ಮೇಲಿನ ಡಾಂಬರು ಅಂದುಕೊಳ್ಳುತ್ತಾರೆ. ಭಾರ ಹೊರೋದು ಕೊನೆಗೆ ಅಡಿಯ ಮಣ್ಣು. ಆ ಮಣ್ಣಿನ ತಾಕತ್ತು ಅಳೆಯೋಕೆ ಸಿಬಿಆರ್ ಅನ್ನುವ ಟೆಸ್ಟ್ ಇದೆ. ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ ಇದನ್ನು ರಸ್ತೆಗಾಗಿ ಮಾಡಿಕೊಂಡಿತ್ತು. ಯುದ್ಧಕಾಲದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಅದನ್ನೇ ಎತ್ತಿಕೊಂಡು ಏರ್‌ಫೀಲ್ಡಿಗೆ ಹೊಂದಿಸಿದರು. ಇವತ್ತು ನಿಮ್ಮೂರಿನ ಟಾರು ರಸ್ತೆಗೂ ಅದೇ ಟೆಸ್ಟ್. ಮಣ್ಣನ್ನು ಅಚ್ಚಿನಲ್ಲಿ ಬಡಿದು ತುಂಬುತ್ತಾರೆ. ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ 5 ಸೆಂಟಿಮೀಟರ್ ಅಗಲದ ಉಕ್ಕಿನ ಗುಂಟವನ್ನು ಮೆಲ್ಲಗೆ ಒತ್ತಿ, ಎಷ್ಟು ತಡೆಯುತ್ತದೆ ನೋಡುತ್ತಾರೆ. ಒಳ್ಳೆಯ ಜಲ್ಲಿಯ ತಾಕತ್ತನ್ನು 100 ಅಂತ ಇಟ್ಟುಕೊಂಡರೆ ನೆನೆದ ಜೇಡಿಮಣ್ಣು 2-3ಕ್ಕೆ ಇಳಿದುಬಿಡುತ್ತದೆ. ಅದೇ ಮಣ್ಣು ಒಣಗಿದ್ದಾಗ ಲಾರಿ ಹೋದರೂ ಜಗ್ಗಿರೋದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಗುಡ್ಡದ ಮೇಲೆ ಟಿಪ್ಪರ್ ಓಡಿಸಿ "ಗಟ್ಟಿ ಇದೆ" ಅಂದರೆ ಅದಕ್ಕೆ ಬೆಲೆ ಇಲ್ಲ.

ಯುದ್ಧದಲ್ಲಿ ಇದಕ್ಕೆ ಎರಡು ಮದ್ದು ಮಾಡಿದರು. ಎರಡೂ ಅರ್ಧಂಬರ್ಧ. ಒಂದು ನಿಮ್ಮ ಹಲಗೆ. ಅದು ಭಾರವನ್ನು ಹರಡುತ್ತದೆ, ಆದರೆ ತೂತಿನಿಂದ ನೀರು ಕೆಳಗಿಳಿಯುತ್ತದೆ. ಗದ್ದೆಯ ಕೆಸರಿನ ಮೇಲೆ ಅಡಿಕೆ ದಬ್ಬೆ ಹಾಸಿ ನಡೆದ ಹಾಗೆ, ಕಾಲಿಟ್ಟಲ್ಲೆಲ್ಲ ಸಂದಿಯಿಂದ ಕೆಸರು ಚಿಮ್ಮುತ್ತದೆ. ಒಂದಷ್ಟು ವಿಮಾನ ಇಳಿದ ಮೇಲೆ ಅಡಿಯ ಮಣ್ಣೆಲ್ಲ ಮೇಲೆ ಬಂದು ಶೀಟು ಅಲೆ ಅಲೆಯಾಗಿ ಕೂರುತ್ತದೆ. ಒದ್ದೆಯಾದರೆ ಜಾರುತ್ತದೆ ಬೇರೆ. ಇನ್ನೊಂದು ಬಿಟ್‌ಹೆಸ್. ನಮ್ಮ ಬಂಗಾಳದ ಸೆಣಬಿನ ಗೋಣಿಬಟ್ಟೆಗೆ ಡಾಂಬರು ಕುಡಿಸಿ ಸುರುಳಿ ಮಾಡಿದ್ದು. ಅಸ್ಸಾಂ, ಬರ್ಮಾದಲ್ಲಿ ರಸ್ತೆಗೂ ರನ್‌ವೇಗೂ ಅದನ್ನು ಬಿಚ್ಚಿ ಹಾಸಿದರು. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರೋ ಹಾಗೆ, ಹೆಂಚು ಹೊದೆಸುವ ಕ್ರಮದಲ್ಲೇ. ಇದು ನೀರು ತಡೆಯುತ್ತದೆ, ಭಾರ ಹೊರೋದಿಲ್ಲ. ಒಂದು ಕಡೆ ಹರಿದರೂ ಒಳಗೆ ಇಳಿದ ನೀರು ಆಚೆ ಬರೋದಿಲ್ಲ. ಎರಡರಲ್ಲಿ ಯಾವುದು ಹಾಸಿದರೂ ಅಡಿಯಲ್ಲಿ ಕ್ಯಾಂಬರ್ ಕೊಟ್ಟ (ನಡು ಎತ್ತರ, ಬದಿ ತಗ್ಗು ಮಾಡಿದ) ನೆಲ, ಬದಿಯಲ್ಲಿ ಆಳದ ಚರಂಡಿ ಬೇಕೇ ಬೇಕು. ಆ ಚರಂಡಿ ತೋಡೋಕೆ ಹಿಡಿದ ಸಮಯವನ್ನು ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನೀರಿನ ಕಾಟ ಇಲ್ಲದ ಕಡೆ ಕೆಲಸ ಹೇಗೆ ಓಡುತ್ತದೆ ಅನ್ನೋದಕ್ಕೆ ಲೇಹ್ ನೋಡಿ. 1948ರಲ್ಲಿ ಲಡಾಖ್ ಕೈತಪ್ಪುವ ಹಾಗಿತ್ತು. ಅಲ್ಲಿಯವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಊರ ಜನರನ್ನು ಕಟ್ಟಿಕೊಂಡು ಪಟ್ಟಿ ತಯಾರು ಮಾಡಿದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಇಳಿಸಿದರು. ವಿಮಾನದಲ್ಲಿ ಇದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅದು ದೊಡ್ಡ ಸಾಹಸ, ಎರಡು ಮಾತಿಲ್ಲ. ಆದರೆ ಎಂಜಿನಿಯರ್ ಕಣ್ಣಿಗೆ ಲೇಹ್‌ನ ನೆಲ ಅಂದರೆ ಜಲ್ಲಿ ಮರಳಿನ ಒಣ ಹಾಸು. ಮಳೆ ಇಲ್ಲವೇ ಇಲ್ಲ ಅನ್ನಬಹುದು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ.

ರಿಪೇರಿಯ ವಿಷಯವನ್ನೂ ಹೇಳಬೇಕು, ಬೇಗ ಆಗುತ್ತಿದ್ದದ್ದು ಅಸಲಿಗೆ ಅದೇ. ಬಾಂಬ್ ಬಿದ್ದರೆ ರನ್‌ವೇ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಪಕ್ಕದ ಗೋವಾದ ದಾಬೋಲಿಮ್ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. 1961ರ ಡಿಸೆಂಬರ್ 18ರಂದು, ಇತ್ತ ಕಾರವಾರದ ಎದುರಿನ ಅಂಜುದೀವ್‌ನಲ್ಲಿ ನೌಕಾಪಡೆ ಇಳಿದ ದಿನವೇ, ನಮ್ಮ ಕ್ಯಾನ್‌ಬೆರಾ ವಿಮಾನಗಳು ಆ ರನ್‌ವೇ ಮೇಲೆ ಟನ್‌ಗಟ್ಟಲೆ ಬಾಂಬ್ ಹಾಕಿದವು. ಆದರೂ ಅದೇ ರಾತ್ರಿ ಪೋರ್ಚುಗೀಸರ ಎರಡು ದೊಡ್ಡ ಪ್ರಯಾಣಿಕ ವಿಮಾನ ಉಳಿದ ತುಂಡಿನಿಂದಲೇ ಹಾರಿ ಕರಾಚಿ ಸೇರಿದವು. 1971ರಲ್ಲಿ ಢಾಕಾದ ತೇಜ್‌ಗಾಂವ್‌ನಲ್ಲಿ ನಮ್ಮವರು ಹಾಗೆ ಬಿಡಲಿಲ್ಲ. ಮಿಗ್‌ಗಳು ಹೊಡೆದ ಗುಂಡಿ ಮುಚ್ಚಲು ಬಿಡದೆ ಮತ್ತೆ ಮತ್ತೆ ಬಂದವು. ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ನಿಂತಲ್ಲೇ ನಿಂತವು.

ಗುಂಡಿ ಮುಚ್ಚೋದರಲ್ಲಿ ಹೆಸರು ಮಾಡಿದ್ದು ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಹೆಂಡರ್ಸನ್ ಫೀಲ್ಡ್. 1942ರ ಆಗಸ್ಟ್‌ನಲ್ಲಿ ಜಪಾನಿಗಳು ಅರ್ಧ ಮಾಡಿದ್ದ ಪಟ್ಟಿಯನ್ನು ಅಮೆರಿಕದವರು ಹಿಡಿದರು. ಜಪಾನಿಗಳು ಬಿಟ್ಟು ಓಡಿದ ರೋಲರ್, ಲಾರಿ ಬಳಸಿಯೇ ಕೆಲಸ ಮುಗಿಸಿದರು. ಸೆಪ್ಟೆಂಬರ್‌ನಲ್ಲಿ ಸೀಬೀಸ್ ಬಂದರು. ಇದು ಅಮೆರಿಕದ ನೌಕಾಪಡೆಯ ಕಟ್ಟಡ ಪಡೆ. ರಸ್ತೆ, ಕಟ್ಟಡದ ಕೆಲಸ ಗೊತ್ತಿದ್ದ ಮೇಸ್ತ್ರಿ, ಡ್ರೈವರ್, ಮೆಕ್ಯಾನಿಕ್‌ಗಳನ್ನೇ ಸೇರಿಸಿಕೊಂಡು ಮಾಡಿದ್ದು. 500 ಪೌಂಡ್ ಬಾಂಬಿನ ಗುಂಡಿಗೆ ಎಷ್ಟು ಮಣ್ಣು-ಜಲ್ಲಿ ಹಿಡಿಯುತ್ತದೆ ಅಂತ ಅವರು ಮೊದಲೇ ಅಳೆದಿದ್ದರು. ಅಷ್ಟನ್ನು ತುಂಬಿದ ಲಾರಿಗಳು ಪಟ್ಟಿಯ ಬದಿಯಲ್ಲಿ ಕಾದು ನಿಂತಿರುತ್ತಿದ್ದವು. ಬಾಂಬರ್ ಹಿಂತಿರುಗಿದ ತಕ್ಷಣ ನುಗ್ಗಿದರೆ 100 ಜನ 40 ನಿಮಿಷದಲ್ಲಿ ಒಂದು ಗುಂಡಿ ಮುಚ್ಚುತ್ತಿದ್ದರು. ಆ ಅಕ್ಟೋಬರ್‌ನ ಒಂದು ರಾತ್ರಿ ಎರಡು ಜಪಾನಿ ಯುದ್ಧನೌಕೆಗಳು 900ಕ್ಕೂ ಹೆಚ್ಚು ಭಾರಿ ಗುಂಡು ಹೊಡೆದವು. ಮರುದಿನವೂ ಅಲ್ಲಿಂದ ವಿಮಾನ ಎದ್ದವು.

ಇದರಲ್ಲಿ ಒಂದು ಗುಟ್ಟಿದೆ. ಬಾಂಬಿನ ಗುಂಡಿಗೆ ಸುಮ್ನೆ ಮಣ್ಣು ತಳ್ಳಿದರೆ ಆಗೋದಿಲ್ಲ. ಸ್ಫೋಟಕ್ಕೆ ಸುತ್ತಲಿನ ಹಾಸು ಮೇಲೆ ಉಬ್ಬಿ ನಿಂತಿರುತ್ತದೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ, ಅಡಿ ಟೊಳ್ಳು. ಕಬ್ಬಿಣದ ಸರಳು ಹಿಡಿದು ಬಡಿಯುತ್ತಾ ಹೋದರೆ ಸದ್ದು ಬದಲಾಗುವ ಜಾಗ ಸಿಗುತ್ತದೆ. ಅಲ್ಲಿಯವರೆಗೆ ಒಡೆದು ತೆಗೆಯಬೇಕು. ಆಮೇಲೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಪದರ ಪದರವಾಗಿ ಬಡಿದು ಕೂರಿಸಬೇಕು. ಕೊನೆಗೆ ದಾರ ಎಳೆದು ಮಟ್ಟ ನೋಡಬೇಕು. ಈ ಕೆಲಸದಲ್ಲಿ ಬಂದ ಹೊಸ ಹುಡುಗರು ಯಾವಾಗಲೂ ಗುಂಡಿಯ ಆಳ ನೋಡಿ ಹೆದರುತ್ತಾರೆ. ಅನುಭವ ಇದ್ದವರು ಗುಂಡಿಯ ಅಂಚು ನೋಡುತ್ತಾರೆ.

1971ರಲ್ಲಿ ಭುಜ್‌ನಲ್ಲೂ ಆಗಿದ್ದು ರಿಪೇರಿಯೇ. ಪಕ್ಕದ ಮಾಧಾಪರ ಊರಿನ ಸುಮಾರು 300 ಹೆಂಗಸರು 72 ಗಂಟೆಯಲ್ಲಿ ಬಾಂಬ್ ಬಿದ್ದ ರನ್‌ವೇಯನ್ನು ಸರಿ ಮಾಡಿಕೊಟ್ಟರು. ಸೈರನ್ ಕೂಗಿದಾಗ ಪೊದೆಯ ಅಡಿ ಓಡುತ್ತಿದ್ದರು. ಸಗಣಿಯಿಂದ ರನ್‌ವೇ ಕಟ್ಟಿದರು ಅಂತ ಕೆಲವರು ಹೇಳೋದನ್ನು ಕೇಳಿದ್ದೇನೆ. ಹಾಗಲ್ಲ. ಸಗಣಿ ಸಾರಿಸಿದ್ದು ಮೇಲಿನಿಂದ ಹೊಳೆಯದಿರಲಿ, ಶತ್ರುವಿನ ಪೈಲಟ್‌ಗೆ ಕಾಣದಿರಲಿ ಅಂತ.

ಈಗ ಅಲಗೇರಿ. ಯುದ್ಧದಲ್ಲಿ ಜಾಗ ಸಿಗುತ್ತಿದ್ದ ರೀತಿಯೇ ಬೇರೆ. ಆಗಿನ ಭಾರತ ರಕ್ಷಣಾ ಕಾಯ್ದೆಯಡಿ ಅಧಿಕಾರಿ ಒಂದು ಕಾಗದ ಕೊಟ್ಟರೆ ಮುಗಿಯಿತು, ನಿಮ್ಮ ಗದ್ದೆ ಅವರದ್ದು. ಚೀನಾದ ಚೆಂಗ್ಡು ಸುತ್ತ 1944ರಲ್ಲಿ ಅಮೆರಿಕದ ಭಾರಿ ಬಾಂಬರ್‌ಗಳಿಗೆ ರನ್‌ವೇ ಮಾಡಿದಾಗ ಲಕ್ಷಾಂತರ ರೈತರನ್ನು ತಂದು ಕೈಯಿಂದ ಕಲ್ಲು ಒಡೆಸಿ, ದೊಡ್ಡ ಕಲ್ಲಿನ ರೋಲರ್ ಎಳೆಸಿದರು. ಆ ವೇಗ ನಮಗೆ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸೀಬರ್ಡ್ ನೌಕಾನೆಲೆ ಯೋಜನೆಗೆ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬ ಊರು ಬಿಟ್ಟವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವರು ನಿಮ್ಮ ನೆಂಟರಲ್ಲೇ ಇರಬಹುದು. ಅದನ್ನು ಕಂಡ ಜನ ಹೊಸ ಸರ್ವೆ ಅಂದರೆ ಅನುಮಾನ ಪಡೋದು ಸಹಜ ಅಲ್ವಾ?

ಎಂಜಿನಿಯರಿಂಗ್ ಕಡೆಯಿಂದಲೂ ಹೋಲಿಕೆ ಸರಿಯಲ್ಲ. ಡಕೋಟಾ 12-13 ಟನ್, ಟೈರಿನ ಗಾಳಿ ಒತ್ತಡ ಸುಮಾರು 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಈಗಿನ ಏರ್‌ಬಸ್ ಎ320 ತುಂಬಿದರೆ 78 ಟನ್ ಆಸುಪಾಸು, ಟೈರು 200 ಪಿಎಸ್‌ಐ. ಅಷ್ಟು ಭಾರ ಅಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ. ಒಂದು ಹಿಡಿ ಕಲ್ಲು ಎದ್ದು ಎಂಜಿನ್ ಒಳಗೆ ಹೋದರೆ ಮುಗಿಯಿತು. ಯುದ್ಧದಲ್ಲಿ ದಿನಕ್ಕೊಂದು ವಿಮಾನ ಮುರಿದರೂ ಬುಲ್ಡೋಜರ್‌ನಿಂದ ಬದಿಗೆ ತಳ್ಳಿ ಮುಂದಿನದನ್ನು ಇಳಿಸುತ್ತಿದ್ದರು. 180 ಜನ ಕೂತ ವಿಮಾನಕ್ಕೆ ಹಾಗೆ ಹೇಳೋಕಾಗುತ್ತದಾ? ತಡ ಆಗಿರೋದಕ್ಕೆ ಎಲ್ಲಾ ಕಾರಣವೂ ಒಳ್ಳೆಯದೇ ಅಂತ ನಾನು ಹೇಳೋದಿಲ್ಲ. ಫೈಲು ಮೇಜಿನ ಮೇಲೆ ಮಲಗೋದು ನನಗೂ ಗೊತ್ತು. ಆದರೆ ಯುದ್ಧದ ಪಟ್ಟಿ ತೋರಿಸಿ ಇದನ್ನು ಬೈಯೋದು ನ್ಯಾಯ ಅಲ್ಲ.

ಇನ್ನು ನಿಮ್ಮ ಗುಡ್ಡ. ಜೆಸಿಬಿ ಬೇಡ ಅಂದದ್ದಕ್ಕೆ ಕಾರಣ ಕೇಳಿ. ಚಿರೆಕಲ್ಲಿನ ಬಯಲಿಗೆ ಮೇಲಿನ ಗಟ್ಟಿ ಹಾಸೇ ಜೀವ. ಅದು ಬಿಸಿಲು ಗಾಳಿಗೆ ಗಟ್ಟಿಯಾದ ಪದರ. ಅದರ ಕೆಳಗೆ ಮೆದು ಕಲ್ಲು, ಇನ್ನೂ ಕೆಳಗೆ ಶೇಡಿ ಮಣ್ಣು. ಬಾವಿ ತೋಡಿಸಿದವರಿಗೆಲ್ಲ ಗೊತ್ತಿರುವ ಆ ಬಿಳಿ, ಹಳದಿ, ನಸುಗೆಂಪು ಮಣ್ಣು. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಕರಗಿ ಇಳಿಯುತ್ತದೆ. ನೀವು ಸಪಾಟು ಮಾಡೋಕೆ ಅಂತ ಎತ್ತರದ ಕಡೆ ಕೆರೆದರೆ ಗಟ್ಟಿ ಹಾಸು ಹೋಗಿ ನೀರು ನೇರ ಶೇಡಿಗೆ ಇಳಿಯುವ ದಾರಿ ಆಗುತ್ತದೆ. ಕೆರೆದ ಮಣ್ಣನ್ನು ತಗ್ಗಿನ ಕಡೆ, ಅಂದರೆ ಗುಡ್ಡದ ಅಂಚಿಗೆ ತಳ್ಳುತ್ತೀರಿ. ಅಂಚಿನ ಮೇಲೆ ಹೊಸ ಭಾರ, ಒಳಗೆ ಹೊಸ ನೀರು. ಕೆಳಗೆ ಮನೆ, ತೋಟ. ಆಪತ್ತಿಗೆ ಅಂತ ಮಾಡಿದ ಕೆಲಸವೇ ಆಪತ್ತು ತಂದೀತು. ಇನ್ನೊಂದು, ನಮ್ಮ ಜಿಲ್ಲೆಯ ಮುಕ್ಕಾಲು ಪಾಲು ಅರಣ್ಯ. ಆ ಬಯಲು ಪಹಣಿಯಲ್ಲಿ ಯಾರ ಹೆಸರಲ್ಲಿದೆ ಮೊದಲು ನೋಡಿ. ಅರಣ್ಯ ಇಲಾಖೆಯದಾದರೆ ಜೆಸಿಬಿ ಹತ್ತಿಸಿದ ಹುಡುಗರ ಮೇಲೆ ಕೇಸು ಬೀಳುತ್ತದೆ.

ಇಷ್ಟೆಲ್ಲಾ ಮಾಡಿದರೂ 450 ಮೀಟರಿನಲ್ಲಿ ದೊಡ್ಡ ಸಾಗಣೆ ವಿಮಾನ ಇಳಿಯೋದಿಲ್ಲ. ವಾಯುಪಡೆಯ ಸಿ-130 ಸಾಗಣೆ ವಿಮಾನದಂಥದ್ದು ಕಚ್ಚಾ ನೆಲದಲ್ಲೂ ಇಳಿಯುತ್ತದೆ ನಿಜ, ಆದರೆ ಅದಕ್ಕೂ 900 ಮೀಟರ್ ಬೇಕು. ಹೆದ್ದಾರಿಯ ಮೇಲೇ ಇಳಿಸಬಹುದಲ್ಲ ಅಂತ ನಿಮ್ಮ ಸಂಘದಲ್ಲಿ ಯಾರಾದರೂ ಕೇಳಿಯಾರು. ರಾಜಸ್ಥಾನದ ಬಾಡಮೇರ್‌ನಲ್ಲಿ 2021ರಲ್ಲಿ ಅಂಥ 3 ಕಿಲೋಮೀಟರ್ ತುಂಡು ಉದ್ಘಾಟನೆ ಆಯಿತು. ಅದು ಮರುಭೂಮಿಯಲ್ಲಿ, ಅದಕ್ಕೆಂದೇ ನೇರವಾಗಿ ಕಟ್ಟಿದ್ದು. ನಮ್ಮ 66ನೇ ಹೆದ್ದಾರಿಯಲ್ಲಿ ಅಷ್ಟು ನೇರ ದಾರಿ, ಅಷ್ಟು ಖಾಲಿ ಬದಿ ಎಲ್ಲಿದೆ?

ನಿಮಗೆ ಬೇಕಾಗಿರೋದು ಹೆಲಿಕಾಪ್ಟರ್ ಇಳಿಯುವ ಜಾಗ. ಪ್ರವಾಹ, ಗುಡ್ಡಕುಸಿತದಲ್ಲಿ ಬರೋದೂ ಅದೇ. ವಾಯುಪಡೆಯ ಎಂಐ-17 ಹೆಲಿಕಾಪ್ಟರಿನ ತಿರುಗುವ ರೆಕ್ಕೆಯ ವ್ಯಾಸ 21 ಮೀಟರ್, ತೂಕ 13 ಟನ್ನಿನವರೆಗೆ. ಧ್ರುವ್ ಇದರ ಅರ್ಧದಷ್ಟು ಭಾರ. ಕನಿಷ್ಠ 50 ಮೀಟರ್ ಉದ್ದ, 50 ಮೀಟರ್ ಅಗಲದ ತೆರೆದ ಜಾಗ ಇಟ್ಟುಕೊಳ್ಳಿ. ಇಳಿಜಾರು 100 ಮೀಟರಿಗೆ 3 ಮೀಟರ್ ಮೀರಬಾರದು. ನಿಮ್ಮ ಬಯಲಿನಲ್ಲಿ ಅಂಥ ತುಂಡು ಕೆರೆಯದೇ ಸಿಗುತ್ತದೆ. ಅಗೆಯೋದು ಬೇಡ. ಗುಡಿಸಬೇಕು, ಅಷ್ಟೇ. ಬಿಡಿ ಚಿರೆಕಲ್ಲು, ಒಣ ಹುಲ್ಲು, ತಗಡು, ಟಾರ್ಪಾಲು ಯಾವುದೂ ಹತ್ತಿರ ಇರಬಾರದು. ರೆಕ್ಕೆಯ ಗಾಳಿಗೆ ತಗಡಿನ ಶೀಟು ಹಾರಿದರೆ ಕುತ್ತಿಗೆ ಕತ್ತರಿಸುತ್ತದೆ. ಅದೇ ಕಾರಣಕ್ಕೆ ಕೆಂಪು ಮಣ್ಣು ಸುರಿದು "ಚಂದ" ಮಾಡೋದೂ ಬೇಡ. ಬೇಸಿಗೆಯಲ್ಲಿ ಧೂಳೆದ್ದು ಪೈಲಟ್‌ಗೆ ನೆಲವೇ ಕಾಣೋದಿಲ್ಲ, ಮಳೆಗಾಲದಲ್ಲಿ ಚಕ್ರ ಹೂತುಹೋಗುತ್ತದೆ.

ಗುಡ್ಡದ ಜಾಗಕ್ಕೆ ಒಂದು ದೊಡ್ಡ ತೊಂದರೆ ಇದೆ, ಇದನ್ನು ಯಾರೂ ಯೋಚಿಸಿರೋದಿಲ್ಲ. ಜುಲೈನಲ್ಲಿ, ನಿಮಗೆ ಹೆಲಿಕಾಪ್ಟರ್ ಬೇಕಾಗುವ ದಿನವೇ, ಗುಡ್ಡದ ತಲೆಯ ಮೇಲೆ ಮೋಡ ಕೂತಿರುತ್ತದೆ. ಕೆಳಗೆ ಶಾಲೆಯ ಮೈದಾನದಲ್ಲಿ ನಿಂತರೆ ಅರ್ಧ ಕಿಲೋಮೀಟರ್ ಕಾಣುತ್ತದೆ, ಮೇಲೆ ಕೈ ಚಾಚಿದರೆ ಬೆರಳು ಕಾಣೋದಿಲ್ಲ. ಹಾಗಾಗಿ ಮೊದಲ ಆಯ್ಕೆ ಶಾಲೆಯ ಮೈದಾನ ಆಗಲಿ, ನೆರೆ ನೀರು ಅಲ್ಲಿಗೆ ಏರೋದಿಲ್ಲ ಅಂತಾದರೆ. ಗುಡ್ಡದ ಬಯಲು ಎರಡನೆಯದು. ಎರಡಕ್ಕೂ ಆಂಬುಲೆನ್ಸ್ ಹೋಗುವ ದಾರಿ ಬೇಕು. ಗುಡ್ಡಕ್ಕೆ ಅದು ಇಲ್ಲ ಅಂತಾದರೆ ಇದ್ದೂ ಪ್ರಯೋಜನ ಇಲ್ಲ, ಸ್ಟ್ರೆಚರ್ ಹೊತ್ತು ಜಾರುವ ಕಾಲುದಾರಿ ಹತ್ತೋದು ಯಾರಿಗೂ ಬೇಡ. ಇದರ ಜೊತೆಗೆ ಊರಿನಲ್ಲಿ ಯಾರ ಹತ್ತಿರ ದೋಣಿ ಇದೆ, ಎಂಜಿನ್ ದೋಣಿ ಯಾವುದು, ಹೊಳೆ ಏರಿದಾಗ ಯಾವ ಕಡವಿನಲ್ಲಿ ಹಚ್ಚಬಹುದು ಅನ್ನೋ ಪಟ್ಟಿಯನ್ನೂ ಮಾಡಿಡಿ. ನಮ್ಮ ಕಡೆ ಹೆಚ್ಚು ಜನರನ್ನು ದಡ ಸೇರಿಸೋದು ದೋಣಿಯೇ.

ಅರ್ಜಿಯನ್ನು ಪಂಚಾಯತಿ ಠರಾವಿನ ಜೊತೆ ತಹಶೀಲ್ದಾರರಿಗೆ ಕೊಡಿ, ಒಂದು ಪ್ರತಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗಕ್ಕೆ. ಕೇಳಬೇಕಾದ್ದು ಇಷ್ಟೇ: ಈ ಎರಡು ಜಾಗವನ್ನು ತುರ್ತು ಹೆಲಿಕಾಪ್ಟರ್ ಇಳಿದಾಣದ ಪಟ್ಟಿಗೆ ಸೇರಿಸಿ, ಗೊತ್ತಿದ್ದವರನ್ನು ಕಳಿಸಿ ಪರಿಶೀಲನೆ ಮಾಡಿಸಿ. ಮೊಬೈಲಿನಲ್ಲಿ ಬರುವ ಅಕ್ಷಾಂಶ-ರೇಖಾಂಶ, ನಾಲ್ಕು ದಿಕ್ಕಿನ ಫೋಟೋ, ಪಹಣಿಯ ಪ್ರತಿ, ದಾರಿಯ ನಕ್ಷೆ ಲಗತ್ತಿಸಿ. ನಕ್ಷೆಯಲ್ಲಿ ಕರೆಂಟಿನ ತಂತಿ, ಕೇಬಲ್, ಮೊಬೈಲ್ ಟವರ್, ಎತ್ತರದ ತೆಂಗು ಎಲ್ಲೆಲ್ಲಿದೆ ಅನ್ನೋದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಮಳೆಯಲ್ಲಿ ಪೈಲಟ್‌ಗೆ ತಂತಿ ಕಾಣೋದಿಲ್ಲ, ಕಂಬ ಮಾತ್ರ ಕಾಣುತ್ತದೆ. ಹಾಗಾಗಿ ಯಾವ ಕಂಬದಿಂದ ಯಾವ ಕಂಬಕ್ಕೆ ತಂತಿ ಹೋಗಿದೆ ಅಂತ ಗೆರೆ ಎಳೆದೇ ತೋರಿಸಬೇಕು.